ಕೊಡಲಿ ಹಿಡಿದ ಕೈಗೆ ಪೆಟ್ರೋಲ್ ಗರಗಸ

ತೊಗರಿಯ ರಾಶಿ ಮುಗಿದು, ಜೋಳದ ಕೊಯ್ಲೂ ಆಯಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿಮಣ್ಣಿನ ಹೊಲಗಳು ಬಟಾಬಯಲಾಗುತ್ತವೆ. ಯುಗಾದಿಯಿಂದ ಮೃಗಶಿರಾ ಮಳೆಯವರೆಗಿನ ಈ ಬಿಡುವಿನಲ್ಲೇ ರೈತ ಹೊಲದ ಅಂಚಿನ ಕೆಲಸಗಳನ್ನು ಮುಗಿಸಿಕೊಳ್ಳಬೇಕು. ಬದುವಿನ ಮೇಲೆ ಹಬ್ಬಿದ ಜಾಲಿಯನ್ನು ಕಡಿಯಬೇಕು, ಒಣಗಿ ನಿಂತ ಬೇವನ್ನು ಉರುಳಿಸಬೇಕು, ಮಳೆಗಾಲದ ಒಲೆಗೆ ಕಟ್ಟಿಗೆ ಒಟ್ಟಬೇಕು. ಮೊದಲು ಈ ದಿನಗಳಲ್ಲಿ ಊರ ಹೊರಗೆ ಕೇಳಿಬರುತ್ತಿದ್ದುದು ಕೊಡಲಿಯ ಸಪ್ಪಳ. ಈಗ ಕೇಳುವುದು ಫರ್ಲಾಂಗು ದೂರದವರೆಗೂ ಕಿವಿಗೆ ರಾಚುವ ಯಂತ್ರದ ಕೂಗು.

ಪೆಟ್ರೋಲ್ ಗರಗಸ, ಅಂದರೆ ಚೈನ್ ಸಾ, ಈ ಭಾಗಕ್ಕೆ ಸದ್ದು ಮಾಡುತ್ತಲೇ ಬಂದರೂ ಯಾರ ಗಮನಕ್ಕೂ ಬಾರದಂತೆ ನೆಲೆಯೂರಿದೆ. ಊರಿನಲ್ಲಿ ಒಬ್ಬ ಯುವಕ ಏಳೆಂಟು ಸಾವಿರ ರೂಪಾಯಿ ಹಾಕಿ ಒಂದು ಯಂತ್ರ ತಂದನೆಂದರೆ ಸುತ್ತಲಿನ ನಾಲ್ಕು ಹಳ್ಳಿಗಳ ಗಿಡ ಕಡಿಯುವ ಕೆಲಸ ಅವನದೇ. ಅವನಿಗೂ ಹೊಲದ ಯಜಮಾನನಿಗೂ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

‘ಗಿಡ ಎಷ್ಟು ಅವ ಕಾಕಾ?’

‘ಬದುವಿನ ಮ್ಯಾಲ ಎಂಟ್ಹತ್ತು ಅವ ತಮ್ಮಾ. ಸಂಜಿತನ ಮುಗೀತದೇನು?’

‘ಸಂಜಿತನ ಯಾಕ, ಮಧ್ಯಾಹ್ನ ಊಟಕ್ಕ ಮುಗೀತದ.’

ಮಾತು ಸುಳ್ಳಲ್ಲ. ಇಬ್ಬರು ಆಳುಗಳು ಕೊಡಲಿ ಹಿಡಿದು ದಿನವಿಡೀ ಮಾಡುವ ಕೆಲಸವನ್ನು ಯಂತ್ರ ತಾಸೆರಡು ತಾಸಿನಲ್ಲಿ ಮಾಡಿ ಮುಗಿಸುತ್ತದೆ. ಆದರೆ ಈ ಮಾತುಕತೆಯಲ್ಲಿ ಒಂದು ಪ್ರಶ್ನೆ ಬರುವುದೇ ಇಲ್ಲ. ಯಂತ್ರ ಹಿಡಿಯುವವನ ಕಾಲಲ್ಲಿ ಏನಿದೆ, ತಲೆಯ ಮೇಲೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಬಹಳ ಸಲ ಕಾಲಲ್ಲಿರುವುದು ಹವಾಯಿ ಚಪ್ಪಲಿ, ತಲೆಗೆ ಸುತ್ತಿರುವುದು ಟವೆಲ್, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ.

ಕೊಡಲಿ ಕೊಡುತ್ತಿದ್ದ ಸಮಯ

ಗಿಡ ಕಡಿಯುವುದರಲ್ಲಿ ನಮ್ಮ ಜನ ಹೊಸಬರೇನಲ್ಲ. ಕೊಡಲಿಗೆ ಕಾವು ಹಾಕುವುದರಿಂದ ಹಿಡಿದು ಗಿಡ ಯಾವ ಕಡೆ ವಾಲುತ್ತದೆ ಎಂದು ಹೇಳುವವರೆಗೆ ಎಲ್ಲವನ್ನೂ ಬಲ್ಲ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಹಾಗಿರುವಾಗ ಯಂತ್ರ ಬಂದೊಡನೆ ಹೊಸದಾಗಿ ಕಲಿಯಬೇಕಾದ್ದು ಏನಿದೆ ಎಂಬ ಅನುಮಾನ ಸಹಜ.

ವ್ಯತ್ಯಾಸ ಇರುವುದು ಸಮಯದಲ್ಲಿ. ಕೊಡಲಿಯ ಒಂದು ಏಟಿಗೂ ಮತ್ತೊಂದು ಏಟಿಗೂ ನಡುವೆ ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ. ಗಿಡ ‘ಚಟ್’ ಎಂದಿತೋ ಕೆಲಸಗಾರ ಹಿಂದೆ ಸರಿಯುತ್ತಾನೆ. ಏಟು ಜಾರಿದರೂ ತಪ್ಪು ಯಾವ ಕಡೆಯಿಂದ ಬರುತ್ತದೆಂದು ಅವನಿಗೆ ಗೊತ್ತು. ಏಕೆಂದರೆ ಕೊಡಲಿಯನ್ನು ಬೀಸುವ ಶಕ್ತಿ ಅವನ ತೋಳಿನದೇ. ಪೆಟ್ರೋಲ್ ಗರಗಸದಲ್ಲಿ ಶಕ್ತಿ ಯಂತ್ರದ್ದು. ಸದ್ದಿನಲ್ಲಿ ಗಿಡದ ದನಿ ಕೇಳಿಸದು. ತಪ್ಪಾದರೆ ಅದು ಕೈ ಎಚ್ಚೆತ್ತುಕೊಳ್ಳುವ ಮುಂಚೆಯೇ ಆಗಿಹೋಗಿರುತ್ತದೆ. ಆದ್ದರಿಂದ ಯಂತ್ರ ಚಾಲೂ ಆದ ಮೇಲೆ ಎಚ್ಚರ ವಹಿಸುತ್ತೇನೆ ಎಂದರೆ ಸಾಲದು. ಎಚ್ಚರದ ಬಹುಪಾಲು ಕೆಲಸ ಹಗ್ಗ ಎಳೆಯುವ ಮುನ್ನವೇ ಮುಗಿದಿರಬೇಕು.

ಹುಳುವಿನಿಂದ ಕಲಿತ ಹಲ್ಲು

ಸರಪಳಿ ಗರಗಸ ಮೊದಲು ಹುಟ್ಟಿದ್ದು ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಎಂಬ ವೈದ್ಯರು ಮೂಳೆ ಕೊಯ್ಯಲು ಸಣ್ಣ ಹಲ್ಲುಗಳ ಸರಪಳಿಯೊಂದನ್ನು ರೂಪಿಸಿದರು. ಅದರ ಎರಡು ತುದಿಗಳಿಗೂ ಹಿಡಿಕೆ, ಕೈಯಿಂದಲೇ ಎಳೆಯಬೇಕು. ಮರ ಕೊಯ್ಯುವ ಪೆಟ್ರೋಲ್ ಯಂತ್ರಗಳು ಬಂದದ್ದು 1920ರ ದಶಕದ ಕೊನೆಯಲ್ಲಿ, ಜರ್ಮನಿಯಲ್ಲಿ. ಎಮಿಲ್ ಲೆರ್ಪ್ 1927ರಲ್ಲಿ ಡಾಲ್ಮಾರ್ ಬೆಟ್ಟದ ಮೇಲೆ ತನ್ನ ಯಂತ್ರವನ್ನು ಪರೀಕ್ಷಿಸಿದ. ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ಇನ್ನೊಂದನ್ನು ತಂದ. ಅವು ನಲವತ್ತು ಕಿಲೋಗೂ ಮೀರಿ ತೂಗುತ್ತಿದ್ದ, ಇಬ್ಬರು ಸೇರಿ ಹಿಡಿಯಬೇಕಾದ ಯಂತ್ರಗಳು. ಒಬ್ಬನೇ ಹಿಡಿಯಬಲ್ಲ ಯಂತ್ರಗಳು ಬಳಕೆಗೆ ಬಂದದ್ದು 1950ರ ದಶಕದಲ್ಲಿ.

ಆದರೆ ಇಂದಿನ ಸರಪಳಿಯ ಹಲ್ಲಿನ ಆಕಾರವನ್ನು ಹೇಳಿಕೊಟ್ಟದ್ದು ಒಂದು ಹುಳು. ಅಮೆರಿಕದ ಆರೆಗಾನ್ ಕಾಡಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಮರದ ಮೊಂಡೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಗಮನಿಸಿದ. ಅದು ನೇರವಾಗಿ ಕಚ್ಚದೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ದವಡೆ ಆಡಿಸುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮನೆ ಸಾಗುತ್ತಿತ್ತು. ಅದನ್ನೇ ಅನುಸರಿಸಿ ಎಡಕ್ಕೊಂದು ಬಲಕ್ಕೊಂದು ಬಾಗಿದ ಉಳಿಯಂಥ ಹಲ್ಲುಗಳ ಸರಪಳಿಯನ್ನು ಆತ ತಯಾರಿಸಿ 1947ರಲ್ಲಿ ಮಾರುಕಟ್ಟೆಗೆ ತಂದ. ಇಂದು ಜೇವರ್ಗಿಯ ಕಾಲುವೆ ದಂಡೆಯಲ್ಲಿ ಓಡುವ ಸರಪಳಿಯಲ್ಲಿರುವುದೂ ಅದೇ ಹಲ್ಲು.

ಈ ಹಲ್ಲು ಉಜ್ಜುವುದಿಲ್ಲ, ಕೆತ್ತುತ್ತದೆ. ಹರಿತವಾಗಿದ್ದರೆ ಗರಗಸದಿಂದ ಉದುರುವುದು ಚಕ್ಕೆ. ಮೊಂಡಾಗಿದ್ದರೆ ಹಿಟ್ಟಿನಂಥ ಪುಡಿ. ಪುಡಿ ಬರತೊಡಗಿತೆಂದರೆ ಕೆಲಸ ನಿಲ್ಲಿಸಿ ದುಂಡನೆಯ ಅರದಿಂದ ಹಲ್ಲು ಹಿಡಿಯಬೇಕು. ಮೊಂಡು ಸರಪಳಿಯನ್ನು ಒತ್ತಿ ಒತ್ತಿ ಕೊಯ್ಯುವವನು ತನ್ನ ಮೈಭಾರವನ್ನೆಲ್ಲ ಯಂತ್ರದ ಮೇಲೆ ಹಾಕಿರುತ್ತಾನೆ. ಕೊಂಬೆ ತಟ್ಟನೆ ತುಂಡಾದಾಗ ಯಂತ್ರ ಅದೇ ಭಾರದೊಡನೆ ಅವನ ಕಾಲಿನತ್ತ ಇಳಿಯುತ್ತದೆ.

ಯಂತ್ರದ ಒಳಗೆ ಏನಿದೆ?

ಒಂದು ಕಾಲದಲ್ಲಿ ಲೂನಾ ಓಡಿಸಿದವರಿಗೆ ಈ ಎಂಜಿನ್ ಪರಿಚಿತವೇ. ಇದು ಟೂ ಸ್ಟ್ರೋಕ್ ಎಂಜಿನ್. ಇದಕ್ಕೆ ಬೇರೆ ಎಣ್ಣೆಗುಂಡಿ ಇಲ್ಲ; ಪೆಟ್ರೋಲಿಗೇ ಟೂ ಟಿ ಆಯಿಲ್ ಬೆರೆಸಬೇಕು. ಯಂತ್ರದ ಪುಸ್ತಿಕೆ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಅಂದಾಜಿನ ಮೇಲೆ ಸುರಿಯುವುದು ಸಲ್ಲದು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಮಸಿ ಕಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಅದು ತೇವ ಹೀರುತ್ತದೆ. ಬೆರೆಸಿದ ಇಂಧನವನ್ನು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಡಬಾರದು. ಸರಪಳಿಗೆ ಬೇಕಾದ ಎಣ್ಣೆ ಬೇರೆ, ಅದರ ಟ್ಯಾಂಕೂ ಬೇರೆ.

ಎಂಜಿನ್ನಿಗೂ ಸರಪಳಿಗೂ ನಡುವೆ ಒಂದು ಕ್ಲಚ್ ಇದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಸರಪಳಿ ನಿಂತಿರುತ್ತದೆ. ರೇಸ್ ಕೊಟ್ಟಾಗ ಕ್ಲಚ್ಚಿನ ತುಂಡುಗಳು ಹೊರಕ್ಕೆ ಸರಿದು ಹಿಡಿದುಕೊಂಡು ಸರಪಳಿಯನ್ನು ಓಡಿಸುತ್ತವೆ. ಮಕ್ಕಳು ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಹೊರಕ್ಕೆ ವಾಲುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ. ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ರೇಸ್ ಬಿಟ್ಟ ಮೇಲೂ ಸರಪಳಿ ತೆವಳುತ್ತಿದ್ದರೆ ಆ ಯಂತ್ರವನ್ನು ಕೆಲಸಕ್ಕೆ ಒಯ್ಯಬಾರದು.

ಪೂರ್ತಿ ರೇಸಿನಲ್ಲಿ ಸರಪಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್; ಅಂದರೆ ಗಂಟೆಗೆ 72 ಕಿಲೋಮೀಟರ್. ಕಲಬುರಗಿ ರಸ್ತೆಯ ಬಸ್ಸಿನ ವೇಗದಲ್ಲಿ ಉಳಿಯಂಥ ಹಲ್ಲುಗಳ ಸಾಲು ಓಡುತ್ತಿದೆ ಎಂದು ಊಹಿಸಿಕೊಂಡರೆ ಸಾಕು.

ಒದೆಯುವ ತುದಿ

ಈ ಯಂತ್ರದ ಅತ್ಯಂತ ಅಪಾಯದ ಜಾಗ ಯಾವುದೆಂದು ಕೇಳಿದರೆ ಹೊಸಬರು ‘ಸರಪಳಿ’ ಎನ್ನುತ್ತಾರೆ. ಬಲ್ಲವರು ತೋರಿಸುವುದು ಉಕ್ಕಿನ ಪಟ್ಟಿಯ ತುದಿಯನ್ನು, ಅದರಲ್ಲೂ ತುದಿಯ ಮೇಲಿನ ಅರ್ಧವನ್ನು.

ಕಾರಣ ನ್ಯೂಟನ್ನನ ಮೂರನೆಯ ನಿಯಮದಲ್ಲಿದೆ: ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ. ಸರಪಳಿ ಪಟ್ಟಿಯ ಮೇಲ್ಭಾಗದಲ್ಲಿ ಮುಂದಕ್ಕೆ ಓಡಿ, ತುದಿಯನ್ನು ಸುತ್ತಿ, ಕೆಳಭಾಗದಲ್ಲಿ ಹಿಂದಕ್ಕೆ ಬರುತ್ತದೆ. ಕೆಳಭಾಗದಿಂದ ಕೊಯ್ಯುವಾಗ ಯಂತ್ರ ತಾನೇ ಗಿಡದತ್ತ ಎಳೆದುಕೊಳ್ಳುತ್ತದೆ. ಮೇಲ್ಭಾಗದಿಂದ ಕೊಯ್ದರೆ ಯಂತ್ರ ಮನುಷ್ಯನ ಕಡೆಗೆ ತಳ್ಳುತ್ತದೆ. ಇವೆರಡನ್ನೂ ಗಟ್ಟಿ ಹಿಡಿತದಿಂದ ತಡೆಯಬಹುದು. ಆದರೆ ತುದಿಯ ಮೇಲರ್ಧದಲ್ಲಿ ಹಲ್ಲುಗಳು ಮುಂದಕ್ಕೂ ಕೆಳಕ್ಕೂ ಹೊರಳುತ್ತಿರುತ್ತವೆ. ಅಲ್ಲಿ ಕೊಂಬೆಯೊಂದು ತಗುಲಿ ಹಲ್ಲು ಸಿಕ್ಕಿಕೊಂಡಿತೆಂದರೆ ಗಿಡ ಕದಲುವುದಿಲ್ಲ, ಕದಲುವುದು ಯಂತ್ರವೇ. ಪಟ್ಟಿ ಮೇಲಕ್ಕೂ ಹಿಂದಕ್ಕೂ ಚಿಮ್ಮಿ ಕೆಲಸಗಾರನ ಮುಖ, ಕುತ್ತಿಗೆ, ಭುಜಗಳತ್ತ ಬರುತ್ತದೆ. ಇದನ್ನೇ ‘ಕಿಕ್‌ಬ್ಯಾಕ್’ ಎನ್ನುತ್ತಾರೆ. ಕತ್ತೆಯಂತೆ ಯಂತ್ರ ಒದೆಯುತ್ತದೆ ಎಂದರೂ ಸರಿಯೇ.

ಇದನ್ನು ಕೈಚಳಕದಿಂದ ತಪ್ಪಿಸಿಕೊಳ್ಳಬಹುದು ಎನ್ನುವವರು ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಒಬ್ಬರು ಅಳತೆ ಪಟ್ಟಿಯನ್ನು ನೇರವಾಗಿ ಹಿಡಿದು ನಿಲ್ಲಲಿ. ಇನ್ನೊಬ್ಬರು ಅದರ ಕೆಳತುದಿಯ ಎರಡೂ ಬದಿಗೆ ಬೆರಳುಗಳನ್ನು ತಾಗದಂತೆ ಇಟ್ಟುಕೊಳ್ಳಲಿ. ಹೇಳದೆ ಕೇಳದೆ ಪಟ್ಟಿಯನ್ನು ಬಿಟ್ಟಾಗ ಹಿಡಿಯಬೇಕು. ಚುರುಕಾದ ಹುಡುಗನ ಬೆರಳು ಕೂಡ ಸುಮಾರು 20 ಸೆಂಟಿಮೀಟರ್ ಗುರುತಿನ ಬಳಿ ಹಿಡಿಯುತ್ತದೆ. ಅಂದರೆ ಕಣ್ಣು ಕಂಡು ಕೈ ಆಡಲು 0.2 ಸೆಕೆಂಡ್ ಹಿಡಿಯಿತು ಎಂದರ್ಥ. ಪರೀಕ್ಷೆಗೆಂದೇ ಸಿದ್ಧವಾಗಿ ಕುಳಿತವನ ಗತಿ ಇದು. ಅಷ್ಟರಲ್ಲಿ ಗರಗಸದ ಸರಪಳಿ ನಾಲ್ಕು ಮೀಟರ್ ಓಡಿರುತ್ತದೆ. ಒದೆತಕ್ಕೆ ಹಿಡಿಯುವ ಸಮಯ ಇದಕ್ಕಿಂತ ಹೆಚ್ಚೇನಿಲ್ಲ.

ಈ ಕಾರಣಕ್ಕೇ 1970ರ ದಶಕದಲ್ಲಿ ಸರಪಳಿ ಬ್ರೇಕ್ ಬಂತು. ಮುಂದಿನ ಹಿಡಿಕೆಯ ಎದುರಿಗೆ ಕಾಣುವ ಪ್ಲಾಸ್ಟಿಕ್ಕಿನ ಗುರಾಣಿ ಬರೀ ಅಲಂಕಾರಕ್ಕಲ್ಲ. ಯಂತ್ರ ಹಿಂದಕ್ಕೆ ಚಿಮ್ಮಿದಾಗ ಮಣಿಕಟ್ಟು ಅದಕ್ಕೆ ತಾಗಿ ಬ್ರೇಕ್ ಬಿದ್ದು ಸರಪಳಿ ನಿಲ್ಲುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಚಿಮ್ಮಿದ ರಭಸಕ್ಕೇ ಬ್ರೇಕ್ ಬೀಳುತ್ತದೆ. ದಿನದ ಕೆಲಸ ಆರಂಭಿಸುವ ಮೊದಲು ಇದು ಬೀಳುತ್ತದೆಯೇ ಎಂದು ನೋಡಲೇಬೇಕು. ಗುರಾಣಿ ಮುರಿದುಹೋದ ಯಂತ್ರ ಬ್ರೇಕಿಲ್ಲದ ಟ್ರಾಕ್ಟರಿಗೆ ಸಮ.

ಬ್ರೇಕ್ ಕೆಲಸ ಮಾಡಬೇಕಾದರೆ ಹಿಡಿತ ಸರಿಯಿರಬೇಕು. ಬಲಗೈ ಹಿಂದಿನ ಹಿಡಿಕೆಯಲ್ಲಿ, ಎಡಗೈ ಮುಂದಿನ ಹಿಡಿಕೆಯಲ್ಲಿ. ಎಡಗೈಯ ಹೆಬ್ಬೆರಳು ಹಿಡಿಕೆಯ ಕೆಳಗೆ ಸುತ್ತಿರಬೇಕು, ಮೇಲೆ ಇಟ್ಟಿರಬಾರದು. ಎಡಚರೂ ಹೀಗೆಯೇ ಹಿಡಿಯಬೇಕು. ಯಂತ್ರವನ್ನು ರಚಿಸಿರುವುದೇ ಹಾಗೆ. ನಿಲ್ಲುವಾಗ ಪಟ್ಟಿಯ ನೇರಕ್ಕೆ ತಲೆ ಬಾರದಂತೆ ಸ್ವಲ್ಪ ಎಡಕ್ಕೆ ನಿಲ್ಲಬೇಕು. ಭುಜಕ್ಕಿಂತ ಮೇಲೆ ಯಂತ್ರ ಎತ್ತಬಾರದು, ಏಣಿಯ ಮೇಲೆ ನಿಂತು ಕೊಯ್ಯಬಾರದು, ಒಂದೇ ಕೈಯಲ್ಲಿ ಹಿಡಿಯಲಂತೂ ಬಾರದು. ಚಾಲೂ ಮಾಡುವಾಗ ಯಂತ್ರ ನೆಲದ ಮೇಲಿರಬೇಕು. ಬ್ರೇಕ್ ಹಾಕಿ, ಬಲಗಾಲಿನಿಂದ ಹಿಂದಿನ ಹಿಡಿಕೆಯನ್ನು ಮೆಟ್ಟಿ, ಎಡಗೈಯಿಂದ ಒತ್ತಿ ಹಿಡಿದು ಹಗ್ಗ ಎಳೆಯಬೇಕು. ಯಂತ್ರವನ್ನು ಗಾಳಿಯಲ್ಲಿ ತೂಗಾಡಿಸುತ್ತ ಹಗ್ಗ ಎಳೆಯುವ ಜಂಬ ಒಂದು ದಿನ ತೊಡೆಯ ಮೇಲೆ ಬೀಳುತ್ತದೆ.

ಬಳ್ಳಾರಿ ಜಾಲಿಯ ಜಗಳಗಂಟಿತನ

ಭೀಮೆಯ ದಂಡೆ, ಅಮರ್ಜಾ ಹರಿಯುವ ಬಯಲು, ಜೇವರ್ಗಿ ಶಾಖಾ ಕಾಲುವೆಯ ಬದಿ, ಕೆರೆಯಂಗಳ, ಹಳ್ಳದ ಎರಡೂ ಮಗ್ಗುಲು ಎಲ್ಲೆಡೆ ಹಬ್ಬಿರುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಗಿಡ ಭಾರತಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕಟ್ಟಿಗೆಗಾಗಿ ಮತ್ತು ಬರಡು ನೆಲಕ್ಕೆ ಹಸಿರು ಹೊದಿಸುವುದಕ್ಕಾಗಿ. ಕಟ್ಟಿಗೆಯನ್ನೂ ಇದ್ದಿಲನ್ನೂ ಅದು ಧಾರಾಳವಾಗಿ ಕೊಟ್ಟಿತು. ಜೊತೆಗೆ ಹೊಲವನ್ನೂ ನುಂಗತೊಡಗಿತು. ದನ, ಕುರಿ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ, ಹೊಳೆ ಉಕ್ಕಿ ಬೀಜ ಬಿಟ್ಟುಹೋದಲ್ಲೆಲ್ಲ ಅದು ಹುಟ್ಟುತ್ತದೆ.

ಈ ಭಾಗದಲ್ಲಿ ಯಂತ್ರಕ್ಕೆ ಅತಿ ಹೆಚ್ಚು ಕೆಲಸ ಕೊಡುವುದು ಈ ಜಾಲಿಯೇ. ದುರದೃಷ್ಟವೆಂದರೆ ಪೆಟ್ರೋಲ್ ಗರಗಸಕ್ಕೆ ಇದರಷ್ಟು ಕೆಟ್ಟ ಗಿಡ ಬೇರೊಂದಿಲ್ಲ. ಒಂದೇ ಬುಡದಿಂದ ಐದಾರು ಕಾಂಡಗಳು ಎದ್ದು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎದುರಿನ ಕಾಂಡ ಕೊಯ್ಯುವಾಗ ಪಟ್ಟಿಯ ತುದಿ ಹಿಂದಿನ ಕಾಂಡಕ್ಕೆ ತಗುಲಿದರೆ ಮೇಲೆ ಹೇಳಿದ ಒದೆತ ಖಂಡಿತ. ಕಟ್ಟಿಗೆ ಗಟ್ಟಿ, ಕೊಂಬೆಗಳು ಬಳುಕುವಂಥವು, ಮೈತುಂಬ ಮುಳ್ಳು. ಮುಳ್ಳು ಚುಚ್ಚಿದೊಡನೆ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಓಡುತ್ತಿರುವ ಗರಗಸದ ಹಿಡಿಕೆಯನ್ನು ಬಿಟ್ಟು ಬರುತ್ತದೆ ಎಂಬುದೇ ಭಯ.

ಆದ್ದರಿಂದ ಜಾಲಿಯ ಮೆಳೆಗೆ ಯಂತ್ರ ಮೊದಲು ಹೋಗಬಾರದು. ಮೊದಲು ಕುಡುಗೋಲು ಮತ್ತು ಕೊಡಲಿಯಿಂದ ಹೊರಗಿನ ಸಣ್ಣ ಕೊಂಬೆಗಳನ್ನು ಸವರಿ, ಉದ್ದನೆಯ ಕವೆಗೋಲಿನಿಂದ ಮುಳ್ಳನ್ನು ದೂರ ಎಳೆಯಬೇಕು. ಕಾಲಿಡಲು ಜಾಗ, ಬುಡ ಕಾಣುವಷ್ಟು ಬೆಳಕು ಆದ ಮೇಲೆ ಹೊರಗಿನ ಕಾಂಡದಿಂದ ಒಳಕ್ಕೆ ಒಂದೊಂದಾಗಿ ಕೊಯ್ಯಬೇಕು. ನೆಲದ ಮಟ್ಟಕ್ಕೇ ಕೊಯ್ದರೆ ಗಿಡ ಮತ್ತೆ ಚಿಗುರದು ಎಂದು ಕೆಲವರು ಸರಪಳಿಯನ್ನು ಮಣ್ಣಿಗೆ ತಾಗಿಸುತ್ತಾರೆ. ಗಿಡವಂತೂ ಬುಡದಿಂದ ಚಿಗುರುತ್ತದೆ. ಮಣ್ಣು, ಹರಳು ತಾಗಿ ಸರಪಳಿ ಮಾತ್ರ ಕ್ಷಣದಲ್ಲಿ ಮೊಂಡಾಗುತ್ತದೆ. ಒಂದು ಗೇಣು ಮೊಂಡು ಬಿಟ್ಟು ಕೊಯ್ದು, ಬೇರನ್ನು ಅಗೆದು ಕೀಳುವುದೇ ಸರಿಯಾದ ಕ್ರಮ.

ಬಾಗಿದ ಕೊಂಬೆಯ ವಿಷಯಕ್ಕೆ ಬಂದರೆ, ಬರೆಯುವ ರಬ್ಬರ್ ತುಂಡನ್ನು ಬೆರಳುಗಳ ನಡುವೆ ಬಾಗಿಸಿ ನೋಡಿ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಾಗಿದ ಕಟ್ಟಿಗೆಯಲ್ಲೂ ಹೀಗೆಯೇ. ಕುಗ್ಗಿದ ಕಡೆಯಿಂದ ಆಳವಾಗಿ ಕೊಯ್ದರೆ ಸೀಳು ಮುಚ್ಚಿಕೊಂಡು ಪಟ್ಟಿಯನ್ನು ಕಚ್ಚುತ್ತದೆ. ಹಿಗ್ಗಿದ ಕಡೆಯಿಂದ ಒಮ್ಮೆಲೇ ಕೊಯ್ದರೆ ಬಿಲ್ಲಿನ ಹೆದೆ ಹರಿದಂತೆ ಕೊಂಬೆ ಸಿಡಿಯುತ್ತದೆ. ಆದ್ದರಿಂದ ಮೊದಲು ಕುಗ್ಗಿದ ಕಡೆ ಸ್ವಲ್ಪ, ಸುಮಾರು ಮೂರನೆಯ ಒಂದು ಭಾಗ, ಅನಂತರ ಹಿಗ್ಗಿದ ಕಡೆಯಿಂದ ನಿಧಾನವಾಗಿ ಉಳಿದದ್ದು. ಗಿಡದಿಂದ ಹೊರಚಾಚಿ ಜೋತ ಕೊಂಬೆಯಲ್ಲಿ ಕುಗ್ಗಿದ್ದು ಕೆಳಮೈ. ಎರಡು ತುದಿ ಆನಿಸಿ ನಡುವೆ ತೂಗುವ ದಿಮ್ಮಿಯಲ್ಲಿ ಕುಗ್ಗಿದ್ದು ಮೇಲ್ಮೈ. 2020ರ ಅಕ್ಟೋಬರಿನಂಥ ಭೀಮೆಯ ಮಹಾಪೂರ ಬುಡಮೇಲು ಮಾಡಿ ಒಂದರ ಮೇಲೊಂದು ಹಾಕಿಹೋಗುವ ಗಿಡಗಳಲ್ಲಿ ಈ ಎಳೆತ ಎಲ್ಲಿ ಅಡಗಿದೆ ಎಂದು ತಿಳಿಯುವುದು ಕಷ್ಟ. ಅಂಥ ರಾಶಿಗೆ ಹೊಸಬರು ಕೈ ಹಾಕದಿರುವುದೇ ಕ್ಷೇಮ.

ನಿಂತ ಗಿಡ ಬೀಳಿಸುವಾಗ

ಬೇವು, ಹುಣಸೆಯಂಥ ನಿಂತ ಗಿಡ ಬೀಳಿಸುವುದು ಬೇರೆಯೇ ವಿದ್ಯೆ. ಗಿಡ ಯಾವ ಕಡೆ ವಾಲಿದೆ, ಯಾವ ಕಡೆ ಕೊಂಬೆಯ ಭಾರ ಹೆಚ್ಚು, ಗಾಳಿ ಎತ್ತಲಿಂದ, ಒಣಗಿದ ಕೊಂಬೆ ಮೇಲೆ ತೂಗುತ್ತಿದೆಯೇ, ಬುಡ ಟೊಳ್ಳೇ ಎಂದು ಮೊದಲು ನೋಡಬೇಕು. ಊರ ಹತ್ತಿರದ ಗಿಡಗಳಲ್ಲಿ ಹಳೆಯ ಮೊಳೆ, ಬೇಲಿಯ ತಂತಿ ತೊಗಟೆಯೊಳಗೆ ಮುಚ್ಚಿಹೋಗಿರುತ್ತವೆ. ಬೀಳುವ ಕಡೆಗೆ ವಿದ್ಯುತ್ ತಂತಿ ಇದ್ದರೆ ಕೆಲಸ ನಿಲ್ಲಿಸಿ ಜೆಸ್ಕಾಂನವರನ್ನು ಕರೆಯಬೇಕು. 1912ಕ್ಕೆ ಫೋನ್ ಮಾಡಬಹುದು.

ಗಿಡದ ಎತ್ತರದ ಎರಡು ಪಟ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ನಲವತ್ತು ಅಡಿಯ ಬೇವಾದರೆ ಎಂಬತ್ತು ಅಡಿ. ಕಟ್ಟಿಗೆ ಆಯಲು ಬರುವ ಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ದೂರ ಕಳಿಸುವುದಕ್ಕೆ ಒಬ್ಬ ಆಳನ್ನು ನಿಲ್ಲಿಸಿದರೂ ನಷ್ಟವಿಲ್ಲ. ಬೀಳುವ ದಿಕ್ಕಿಗೆ ಎದುರಾಗಿ, ಹಿಂದಕ್ಕೆ ಓರೆಯಾಗಿ ಓಡಿಹೋಗುವ ದಾರಿಯನ್ನು ಮೊದಲೇ ಚೊಕ್ಕ ಮಾಡಿಟ್ಟುಕೊಂಡಿರಬೇಕು.

ಬೀಳುವ ಕಡೆಗೆ ಮೊದಲು ಬಾಯಿ ತೆಗೆದಂತೆ ಒಂದು ಕಚ್ಚು. ಬುಡ ಅರ್ಧ ಮೀಟರ್ ದಪ್ಪವಿದ್ದರೆ ಕಚ್ಚಿನ ಆಳ ಸುಮಾರು 10ರಿಂದ 12 ಸೆಂಟಿಮೀಟರ್. ಅನಂತರ ಎದುರು ಬದಿಯಿಂದ, ಕಚ್ಚಿನ ತಳಕ್ಕಿಂತ ಸ್ವಲ್ಪ ಮೇಲೆ, ಹಿಂದಿನ ಕೊಯ್ತ. ಎರಡೂ ಕೊಯ್ತಗಳು ಸೇರಬಾರದು. ನಡುವೆ ಬುಡದ ದಪ್ಪದ ಹತ್ತನೆಯ ಒಂದು ಭಾಗದಷ್ಟು, ಅಂದರೆ ಈ ಗಿಡದಲ್ಲಿ 5 ಸೆಂಟಿಮೀಟರ್, ಕಟ್ಟಿಗೆ ಉಳಿಯಬೇಕು. ಇದು ಬಾಗಿಲಿನ ತಿರುಗಣೆ ಇದ್ದಂತೆ. ಗಿಡ ಬೀಳುವಾಗ ದಿಕ್ಕು ತಪ್ಪದಂತೆ ಹಿಡಿಯುವುದು ಅದೇ. ಅದನ್ನೂ ಕೊಯ್ದುಬಿಟ್ಟರೆ ತಿರುಗಣೆ ಕಿತ್ತ ಬಾಗಿಲಿನಂತೆ ಗಿಡ ಎತ್ತ ಬೇಕಾದರೂ ಬೀಳುತ್ತದೆ. ಗಿಡ ಕದಲಿತೆಂದರೆ ನಿಂತು ನೋಡದೆ ಮೊದಲೇ ಗುರುತಿಸಿದ ದಾರಿಯಲ್ಲಿ ಸರಿಯಬೇಕು. ಬುಡ ಹಿಂದಕ್ಕೆ ಚಿಮ್ಮುವುದುಂಟು. ಬೀಳುತ್ತ ಇನ್ನೊಂದು ಗಿಡಕ್ಕೆ ಸಿಕ್ಕಿಕೊಂಡಿದ್ದರ ಕೆಳಗೆ ಯಾರೂ ಹೋಗಬಾರದು. ಹಗ್ಗ ಕಟ್ಟಿ ದೂರದಿಂದ ಟ್ರಾಕ್ಟರಿನಲ್ಲಿ ಎಳೆಯಬೇಕು.

ಬೀಳಿಸುವ ಮುನ್ನ ಕಾನೂನಿನ ಒಂದು ಮಾತು. ಸ್ವಂತ ಹೊಲದ ಗಿಡವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಯಾವುದಕ್ಕೆ ಅನುಮತಿ ಬೇಕು ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಗಿಡಗಳೇ ವಿರಳವಾದ ಈ ಬಯಲುಸೀಮೆಯಲ್ಲಿ ಮೂರು ತಲೆಮಾರು ನೆರಳು ಕೊಟ್ಟ ಹುಣಸೆಯನ್ನು ಯಂತ್ರ ಅರ್ಧ ತಾಸಿನಲ್ಲಿ ಉರುಳಿಸುತ್ತದೆ ಎಂಬುದೂ ಯೋಚಿಸತಕ್ಕ ವಿಷಯ.

ಬಿಸಿಲಿನಲ್ಲಿ ಕವಚ

ಕಾಡಿನ ಕೆಲಸಗಾರರಿಗೆಂದೇ ಮಾಡಿದ ಕಾಲುಗವಚಗಳಿವೆ. ಅವುಗಳೊಳಗೆ ಉದ್ದನೆಯ ಗಟ್ಟಿ ನೂಲಿನ ಪದರಗಳಿರುತ್ತವೆ. ಸರಪಳಿ ತಾಗಿದೊಡನೆ ನೂಲು ಕಿತ್ತುಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಯಂತ್ರವನ್ನು ನಿಲ್ಲಿಸುತ್ತದೆ. ಬೈಸಿಕಲ್ಲಿನ ಚೈನಿಗೆ ಪಂಚೆಯ ಅಂಚು ಸಿಕ್ಕಿಕೊಂಡಂತೆ. ಇದರೊಡನೆ ಜಾಲರಿಯ ಮುಖಪರದೆ ಇರುವ ಹೆಲ್ಮೆಟ್, ಕಿವಿಮುಚ್ಚುಗ, ಮುಂಗಾಲಿಗೆ ಉಕ್ಕಿರುವ ಬೂಟು, ಕೈಗವಸು ಬೇಕು.

ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಇಷ್ಟೆಲ್ಲ ತೊಟ್ಟು ಕೆಲಸ ಮಾಡುವುದುಂಟೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಿಸಿಲಿಗೆ ತಲೆ ಸುತ್ತಿದವನ ಕೈಯಲ್ಲಿ ಯಂತ್ರ ಇನ್ನೂ ಅಪಾಯ. ಉತ್ತರ ಕವಚ ಬಿಡುವುದರಲ್ಲಿಲ್ಲ, ಹೊತ್ತು ಬದಲಿಸುವುದರಲ್ಲಿದೆ. ನಸುಕಿನಿಂದ ಹತ್ತು ಗಂಟೆಯವರೆಗೆ ಕೆಲಸ, ಆಗಾಗ ನೀರು, ಮಜ್ಜಿಗೆ, ಬಿಸಿಲು ಏರಿದ ಮೇಲೆ ಯಂತ್ರಕ್ಕೆ ವಿಶ್ರಾಂತಿ. ‘ಊಟಕ್ಕ ಮುಗೀತದ’ ಎಂಬ ಅವಸರವನ್ನು ಎರಡು ಮುಂಜಾನೆಗಳಿಗೆ ಹಂಚಿದರೆ ಕೆಟ್ಟುಹೋಗುವುದು ಏನೂ ಇಲ್ಲ. ಕಾಲುಗವಚ ತಕ್ಷಣ ಸಿಗದಿದ್ದರೂ ಬೂಟು, ಗಟ್ಟಿ ಜೀನ್ಸ್ ಪ್ಯಾಂಟು, ಕಣ್ಣಿಗೆ ಕನ್ನಡಕ, ಹೆಲ್ಮೆಟ್ ಇರಲೇಬೇಕು. ಆದರೆ ಜೀನ್ಸ್ ಸರಪಳಿಯನ್ನು ತಡೆಯುತ್ತದೆಂಬ ಭ್ರಮೆ ಬೇಡ. ಲುಂಗಿ, ಜೋತಾಡುವ ಟವೆಲ್, ಸಡಿಲ ಅಂಗಿಗಳಂತೂ ಸರಪಳಿಗೆ ಆಮಂತ್ರಣ ಕೊಟ್ಟಂತೆ.

ಯಂತ್ರದ ಸದ್ದು 100 ಡೆಸಿಬಲ್ ಮೀರುತ್ತದೆ. ವರ್ಷಗಟ್ಟಲೆ ಕೇಳಿದ ಕಿವಿ ಮತ್ತೆ ಸರಿಹೋಗದಂತೆ ಮಂದವಾಗುತ್ತದೆ. ನಡುಕ ಬೆರಳುಗಳ ರಕ್ತನಾಳಗಳನ್ನು ಕೆಡಿಸಿ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುವ ಕಾಯಿಲೆಯನ್ನು ತರುತ್ತದೆ. ಬೆಂಕಿಯ ಭಯವೂ ಇದೆ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬಾರದು, ಬಾಯಲ್ಲಿ ಬೀಡಿ ಇರಬಾರದು. ತುಂಬಿದ ಜಾಗದಿಂದ ಹತ್ತು ಅಡಿ ಆಚೆಗೆ ಹೋಗಿ ಚಾಲೂ ಮಾಡಬೇಕು. ಒಣಹುಲ್ಲು, ತೊಗರಿ ಕಟ್ಟಿಗೆಯ ಬಣವೆಯ ಬಳಿ ಬಿಸಿ ಯಂತ್ರವನ್ನು ಇಡಲೇಬಾರದು.

ನಲವತ್ತು ಕಿಲೋಮೀಟರಿನ ಲೆಕ್ಕ

ಆಳಂದ, ಜೇವರ್ಗಿಗಳಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಸುಮಾರು 60. ಹಳ್ಳಿಯ ಹೊಲದಿಂದ ಡಾಂಬರು ರಸ್ತೆಗೆ ಬರುವ ಹೊತ್ತು ಬೇರೆ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಮನುಷ್ಯ ಉಳಿಯುವುದು ಕೆಲವೇ ನಿಮಿಷ. ಅಂದರೆ ಗಾಯಾಳುವಿನ ಮೊದಲ ವೈದ್ಯ ಪಕ್ಕದಲ್ಲಿರುವವನೇ. ಒಬ್ಬನೇ ಯಂತ್ರ ಹಿಡಿದು ಹೊಲಕ್ಕೆ ಹೋಗಬಾರದೆಂಬ ನಿಯಮದ ಅರ್ಥ ಇದೇ.

ಗಾಯವಾದೊಡನೆ ಮಲಗಿಸಿ, ಸ್ವಚ್ಛ ಬಟ್ಟೆಯನ್ನು ಗಾಯದೊಳಕ್ಕೆ ಒತ್ತಿ, ಎರಡೂ ಕೈಗಳಿಂದ ಬಲವಾಗಿ ಹಿಡಿದಿರಬೇಕು. ಆಗಾಗ ಎತ್ತಿ ನೋಡಬಾರದು. ಕೈ ಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ ಅಗಲವಾದ ಬಟ್ಟೆ ಕಟ್ಟಿ, ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ, ಕಟ್ಟಿದ ಹೊತ್ತನ್ನು ಗುರುತು ಮಾಡಿಕೊಳ್ಳಬೇಕು. ಅರಿಶಿನ, ಕಾಫಿಪುಡಿ, ಮಣ್ಣು ಹಾಕಬಾರದು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಬೇಕು. ನೇರವಾಗಿ ಮಂಜುಗಡ್ಡೆಗೆ ಹಾಕಬಾರದು. 108ಕ್ಕೆ ಫೋನ್ ಮಾಡುವವನು ಒಬ್ಬ, ಗಾಯ ಒತ್ತಿ ಹಿಡಿಯುವವನು ಇನ್ನೊಬ್ಬ.

ಇಷ್ಟಕ್ಕೂ ಈ ಕವಚಗಳ ಖರ್ಚು ಯಾರದು ಎಂಬುದು ಹಳ್ಳಿಯ ನಿಜವಾದ ಪ್ರಶ್ನೆ. ಹೊಲದ ಯಜಮಾನ ಗಿಡಕ್ಕಿಷ್ಟು ಎಂದು ಗುತ್ತಿಗೆ ಕೊಡುತ್ತಾನೆ, ಯಂತ್ರದ ಮಾಲೀಕ ಯಂತ್ರ ಕೊಡುತ್ತಾನೆ, ಕೆಲಸಗಾರನಿಗೆ ಉಳಿಯುವುದು ಕೂಲಿ. ಮೂವರಲ್ಲಿ ಅತಿ ಕಡಿಮೆ ಹಣ ಇರುವವನ ಕಾಲೇ ಸರಪಳಿಯ ಹತ್ತಿರ ಇರುತ್ತದೆ. ಯಂತ್ರ ಬಾಡಿಗೆಗೆ ಬರುವಾಗ ಹೆಲ್ಮೆಟ್ಟೂ ಕಾಲುಗವಚವೂ ಅದರೊಡನೆಯೇ ಬರಬೇಕು, ಅವಿಲ್ಲದೆ ಬಂದವನಿಗೆ ಕೆಲಸ ಇಲ್ಲ ಎಂದು ಹೊಲದ ಯಜಮಾನರು ಪಟ್ಟು ಹಿಡಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಒಂದು ಗಿಡಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು ಹೋದರೂ ಒಬ್ಬ ದುಡಿಯುವ ಮಗನ ಕಾಲಿಗಿಂತ ಅದು ದೊಡ್ಡದಲ್ಲ.

ಕೊಡಲಿ ಹಿಡಿದ ಹಿರಿಯರು ಮೊದಲ ಏಟಿಗೆ ಮುನ್ನ ಗಿಡದ ಸುತ್ತ ಒಂದು ಸುತ್ತು ಹಾಕಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ಯಂತ್ರ ತಂದ ಯುವಕ ಆ ಒಂದು ಸುತ್ತನ್ನು ಉಳಿಸಿಕೊಂಡರೆ ಸಾಕು. ಅದಕ್ಕೆ ಹಿಡಿಯುವುದು ಐದು ನಿಮಿಷ. ಊಟದ ಹೊತ್ತಿಗೆ ಅವನೂ ಮನೆಯಲ್ಲಿರುತ್ತಾನೆ.

ಹಗ್ಗ ಎಳೆಯುವ ಮುನ್ನ ನೋಡಿ

* ಸರಪಳಿ ಬ್ರೇಕ್ ಬೀಳುತ್ತದೆಯೇ? ಮುಂದಿನ ಗುರಾಣಿ ಗಟ್ಟಿಯಾಗಿದೆಯೇ?
* ಸರಪಳಿ ಹದವಾಗಿ ಬಿಗಿಯಾಗಿದೆಯೇ? ಪಟ್ಟಿಗೆ ಅಂಟಿ ಕೂತಿದ್ದು, ಕೈಗವಸು ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ಸರಿಯಬೇಕು. ಇದನ್ನು ನೋಡುವಾಗ ಎಂಜಿನ್ ಬಂದ್ ಇರಲಿ.
* ಹಲ್ಲು ಹರಿತವಾಗಿದೆಯೇ? ಸರಪಳಿಯ ಎಣ್ಣೆ ಇದೆಯೇ?
* ಬೂಟು, ಹೆಲ್ಮೆಟ್, ಕಿವಿಮುಚ್ಚುಗ, ಕಾಲುಗವಚ ತೊಟ್ಟಾಯಿತೇ?
* ಜೊತೆಗೆ ಇನ್ನೊಬ್ಬರಿದ್ದಾರೆಯೇ? ಅವರ ಫೋನಿನಲ್ಲಿ ಸಿಗ್ನಲ್ ಇದೆಯೇ?
* ಗಿಡದ ಎತ್ತರದ ಎರಡು ಪಟ್ಟು ದೂರದೊಳಗೆ ಯಾರಾದರೂ ಇದ್ದಾರೆಯೇ?
* ಸರಿದುಹೋಗುವ ದಾರಿ ಚೊಕ್ಕವಾಗಿದೆಯೇ?